ಒಂದೇ ಪ್ರಶ್ನೆ, ನಾಲ್ಕು ಬಾಗಿಲು: ಕಾರ್ಪೊರೇಟರ್, ವಾರ್ಡ್ ಸಭೆ, ಆಪ್, ಆರ್‌ಟಿಐ

2019ರ ಮಳೆಗಾಲದಲ್ಲಿ ಕೇಬಲ್ ಹಾಕುವವರು ಬೆಂಗಳೂರಿನ ನಮ್ಮ ಕ್ರಾಸ್ ಅಗೆದರು. ಅವರು ಮಣ್ಣು ಮುಚ್ಚಿ ಹೋದ ಮೇಲೆ ನೋಡಿದರೆ ಚರಂಡಿ ಮೇಲಿನ ಎರಡು ಚಪ್ಪಡಿ ಕಲ್ಲು ಒಡೆದಿದ್ದವು. ಒಂದರ ಮೂಲೆ ಮುರಿದು ಒಳಗೆ ಬಿದ್ದಿತ್ತು. ಇನ್ನೊಂದು ಕಾಲಿಟ್ಟರೆ ಟಕ್ ಅಂತ ಏಳುತ್ತಿತ್ತು. ಮಕ್ಕಳು ಸ್ಕೂಲ್ ವ್ಯಾನ್ ಹತ್ತುವುದು ಅಲ್ಲೇ. ಪಕ್ಕದಲ್ಲೇ ಕಪ್ಪು ನೀರು ರಸ್ತೆಗೆ ಹರಿಯುತ್ತಿತ್ತು.

ಆಗಿನಿಂದ ಇಲ್ಲಿಯವರೆಗೆ ಬೀದಿಯ ಕೆಲಸಕ್ಕೆ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಎಷ್ಟು ಬೇಗ ಕೆಲಸ ಆಯಿತು ಅನ್ನುವುದೊಂದನ್ನೇ ನಾನು ಲೆಕ್ಕ ಹಾಕುವುದಿಲ್ಲ. ಉತ್ತರ ಬಂದ ಮೇಲೆ "ಸರಿ, ಹಾಗಾದರೆ ಇದು?" ಅಂತ ಇನ್ನೊಂದು ಪ್ರಶ್ನೆ ಕೇಳಲು ಜಾಗ ಇದೆಯಾ? ನನಗೆ ಅದು ಜಾಸ್ತಿ ಮುಖ್ಯ.

ಮೊದಲು ಹೋಗಿದ್ದು ಕಾರ್ಪೊರೇಟರ್ ಮನೆಗೆ, ಬೆಳಗ್ಗೆ ಏಳಕ್ಕೆ. ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಆಗಲೇ ಆರೇಳು ಜನ ಕೂತಿದ್ದರು. ಪಾಲಿಕೆಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು ಅಲ್ವಾ, ನಮ್ಮ ವಾರ್ಡಿನ ಸದಸ್ಯರೂ ಮಹಿಳೆಯೇ. ಮೊದಲು ಮಾತಿಗೆ ಬಂದವರು ಅವರ ಯಜಮಾನರು. "ನಾನು ಮೇಡಂ ಹತ್ತಿರಾನೇ ಮಾತಾಡಬೇಕು" ಅಂದೆ. ಐದು ನಿಮಿಷಕ್ಕೆ ಅವರೇ ಹೊರಗೆ ಬಂದರು.

ನಾನು ಕಲ್ಲು, ನೀರು ಎರಡನ್ನೂ ಒಟ್ಟಿಗೆ ಹೇಳಿದೆ. ಅವರು ಕೇಳಿದ್ದು ಎರಡೇ ಮಾತು. "ನೀರು ವಾಸನೆ ಬರುತ್ತಾ ಅಕ್ಕ? ಮಳೆ ಇಲ್ಲದ ದಿನವೂ ಹರಿಯುತ್ತಾ?" ಎರಡಕ್ಕೂ ಹೌದು ಅಂದೆ. "ಹಾಗಾದರೆ ಅದು ಯುಜಿಡಿ ನೀರು, ಅಂದರೆ ಒಳಚರಂಡಿದು, ಜಲಮಂಡಳಿಗೆ ಹೇಳಬೇಕು. ಚರಂಡಿ ಕಲ್ಲು ನಮ್ಮದು, ಅದನ್ನು ನಾನು ನೋಡ್ತೀನಿ" ಅಂದರು. 1964ರಿಂದ ನೀರು, ಒಳಚರಂಡಿ ಎರಡೂ ಬೇರೆಯದೇ ಮಂಡಳಿಯ ಕೈಯಲ್ಲಿವೆ ಅನ್ನುವುದು ನನಗೆ ಗೊತ್ತಿತ್ತು. ಆದರೆ ನಮ್ಮ ಬೀದಿಯ ಆ ನೀರು ಯಾವುದು ಅನ್ನುವುದು ಗೊತ್ತಾಗಿದ್ದು ಅವತ್ತೇ. ಅಲ್ಲೇ ನಿಂತು ಇಂಜಿನಿಯರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿದರು. ನಾನು ಮಧ್ಯೆ ಬಾಯಿ ಹಾಕಿ "ಯಾವ ವಾರ ಸರ್?" ಅಂತ ಕೇಳಿದೆ.

ಈ ದಾರಿಗೆ ಒಂದು ದೊಡ್ಡ ಕೊರತೆ ಇದೆ. ಏಳು ಗಂಟೆಗೆ ನಾನು ಹೋಗಬಲ್ಲೆ. ಆ ಹೊತ್ತಿಗೆ ನಾಲ್ಕು ಮನೆಯ ಪಾತ್ರೆ ತೊಳೆಯುವವರು ಹೋಗಲಾರರು. ಇನ್ನೊಂದು ಪಕ್ಷಕ್ಕೆ ಓಡಾಡಿದವರಿಗೂ ಆ ಗೇಟು ದಾಟಲು ಸಂಕೋಚ. ಜೊತೆಗೆ, ಮನೆಯಲ್ಲಿ ಹೇಳಿದ ಮಾತು ಎಲ್ಲೂ ದಾಖಲಾಗುವುದಿಲ್ಲ.

ಅದಕ್ಕೇ ನಾನು ಪೂರ್ತಿ ಅಂಕ ಕೊಡುವುದು ವಾರ್ಡ್ ಸಮಿತಿ ಸಭೆಗೆ. ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. ಆಗ ನಮ್ಮಲ್ಲಿ ತಿಂಗಳ ಮೊದಲ ಶನಿವಾರ ಸಭೆ. ಅವತ್ತು ಬಂದವರು ಹದಿನಾಲ್ಕು ಜನ. ಅದೇ ಕಾರ್ಪೊರೇಟರ್, ಅದೇ ಇಂಜಿನಿಯರ್, ಆದರೆ ಮಧ್ಯೆ ಒಂದು ರಿಜಿಸ್ಟರ್ ಇತ್ತು. ನಮ್ಮ ಕ್ರಾಸಿನ ಹೂವಿನ ಅಂಗಡಿಯವರು ಎದ್ದು, "ಕಸ ಗುಡಿಸೋಕೆ ವಾರ್ಡಿಗೆ ಎಷ್ಟು ಜನ? ನಮ್ಮ ಬೀದಿಗೆ ಯಾರು?" ಅಂತ ಕೇಳಿದರು. "ಈಗ ನನಗೆ ಗೊತ್ತಿಲ್ಲ. ಮುಂದಿನ ಸಭೆಗೆ ತರ್ತೀನಿ" ಅಂದರು ಮೇಡಂ. ಮುಂದಿನ ತಿಂಗಳು ಒಂದು ಹಾಳೆ ತಂದು ಬೀದಿವಾರು ಪೌರಕಾರ್ಮಿಕರ ಪಟ್ಟಿ ಓದಿದರು. ಹೂವಿನವರು ಬಿಡಲಿಲ್ಲ. "ಭಾನುವಾರ?" ಅಂದರು. ಅದಕ್ಕೂ ಉತ್ತರ ಬರೆಸಿಕೊಂಡೇ ಕೂತರು. "ಗೊತ್ತಿಲ್ಲ" ಅಂತ ಎಲ್ಲರೆದುರು ಹೇಳಿ, ತಿಳಿದುಕೊಂಡು ವಾಪಸ್ ಬಂದ ಆ ಉತ್ತರದ ಮೇಲೆ ನನಗೆ ಇವತ್ತಿಗೂ ಗೌರವ. ನಮ್ಮ ಚಪ್ಪಡಿ ಬದಲಾಗಿದ್ದೂ ಅದು ರಿಜಿಸ್ಟರ್‌ನಲ್ಲಿ ಬರೆದ ಮೇಲೆಯೇ.

ದೂರು ಕೊಡುವ ಮೊಬೈಲ್ ಆಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೀದಿದೀಪಕ್ಕೆ ಇದರಷ್ಟು ಒಳ್ಳೆಯದು ಇಲ್ಲ. ಕಂಬದ ಫೋಟೋ ಹಾಕಿದೆ, ಮೂರನೇ ದಿನ ಬೆಳಕು ಬಂತು. ಆದರೆ ಅದರಲ್ಲಿ ಒಂದು ದೂರಿಗೆ ಒಂದೇ ವಿಭಾಗ ಆರಿಸಬೇಕು. ನಮ್ಮ ಕಪ್ಪು ನೀರಿನಂಥ ದೂರಿಗೆ ಯಾವುದನ್ನು ಒತ್ತುವುದು? "ವಾಸನೆ ಬರುತ್ತಾ?" ಅಂತ ತಿರುಗಿ ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ದುಡ್ಡಿನ ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ, ಅಂದರೆ ಆರ್‌ಟಿಐ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ರಸ್ತೆ ಕೆಲಸದ ಬಿಲ್ಲಿನ ನಕಲು ನನ್ನ ಕೈಗೆ ಬಂದಿದ್ದು ಇದರಿಂದಲೇ. ಕಾರ್ಪೊರೇಟರ್ ಬಾಯಿಮಾತು ಇದಕ್ಕೆ ಸಮ ಅಲ್ಲ. ಬಿಲ್ ನೋಡಿ ಹೊಸ ಪ್ರಶ್ನೆ ಹುಟ್ಟಿದರೆ ಮಾತ್ರ ಮತ್ತೆ 10 ರೂಪಾಯಿ, ಮತ್ತೆ 30 ದಿನ.

ಈ ಹೋಲಿಕೆಯಲ್ಲಿ ನನಗೆ ನಿಜಕ್ಕೂ ನೋವಾಗುವುದು ಪಾಲಿಕೆಯನ್ನೇ ಬದಲಾಯಿಸಿದ ವಿಷಯಕ್ಕೆ ಬಂದಾಗ. 2007ರಲ್ಲಿ 100 ವಾರ್ಡಿನ ಹಳೇ ಪಾಲಿಕೆಗೆ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಪಾಲಿಕೆ ಮಾಡಿದರು. ಅದಕ್ಕೆ ಚುನಾವಣೆ ನಡೆದಿದ್ದು 2010ರಲ್ಲಿ. 198 ಸದಸ್ಯರ ಕೊನೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಐದು ವರ್ಷ ಕಳೆದು, 2025ರ ಸೆಪ್ಟೆಂಬರ್ 2ರಂದು ಅದೇ ಪಾಲಿಕೆ ಐದಾಯಿತು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ವಾರ್ಡುಗಳು 369. ಅಂದರೆ ಊರನ್ನು ಹಂಚುವಾಗ ಕೇಳೋಕೆ ನಮಗೆ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ನಮ್ಮ ಪ್ರಶ್ನೆಗಳು ದೊಡ್ಡವೇನಲ್ಲ. ಖಾತಾ ಮತ್ತೆ ಮಾಡಿಸಬೇಕಾ? ನಾವು ಕಟ್ಟುವ ತೆರಿಗೆ ಯಾವ ಪಾಲಿಕೆಗೆ ಹೋಗುತ್ತೆ? ನಮ್ಮ ಇಂಜಿನಿಯರ್ ಯಾರು? ಕರಡು ವಾರ್ಡ್ ಪಟ್ಟಿಗೆ ಆಕ್ಷೇಪಣೆ ಕರೆದಾಗ ನಾನೂ ಬರೆದು ಕೊಟ್ಟೆ. ಕೈಗೆ ಸ್ವೀಕೃತಿ ಸಿಕ್ಕಿತು. ಅದನ್ನು ಹಿಡಿದು ಹೂವಿನವರ ಅಂಗಡಿ ಮುಂದೆ ನಿಂತಾಗ ಅವರು ಕೇಳಿದರು: "ಇದನ್ನು ಯಾರು ಓದ್ತಾರಕ್ಕ? ಅವರನ್ನ ನಾವು ನೋಡಬಹುದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊಸ ಗೆರೆ ಈಗ ನಮ್ಮ ಕ್ರಾಸಿನ ನಡುವೆಯೇ ಹೋಗಿದೆ. ನನ್ನ ಮನೆ ಒಂದು ವಾರ್ಡು, ಎದುರಿನ ಹೂವಿನ ಅಂಗಡಿ ಇನ್ನೊಂದು. ಚಪ್ಪಡಿ ಇರುವುದು ಅಂಗಡಿ ಕಡೆ, ವ್ಯಾನಿಗೆ ಕಾಯುವ ಮಕ್ಕಳು ನಮ್ಮ ಕಡೆಯವರು. ಸಭೆ ಎರಡೂ ವಾರ್ಡಿನಲ್ಲಿ ಸೇರಲಿ, ನಾವಿಬ್ಬರೂ ಎರಡಕ್ಕೂ ಹೋಗುವುದು ಅಂತ ಮಾತಾಡಿಕೊಂಡಿದ್ದೇವೆ. ಪ್ರಶ್ನೆಯನ್ನು ಅವರು ಹೂವು ಕಟ್ಟುವ ಕಾಗದದ ಹಿಂದೆ ಬರೆದಿಟ್ಟಿದ್ದಾರೆ.