ಕಸೂತಿ ಸೆರಗಿಗೆ ಕ್ರಿಟಾದ ಮೂರು ದಾರಿ: ಯಾವುದು ವಾಸಿ?

ಇಳಕಲ್ ಸೀರೆ ಉಟ್ಟ ಹೆಂಗಸಿನ ಚಿತ್ರ ಬರೆಯುವಾಗ ಮುಖಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ಸೆರಗು. ಅದರ ಮೇಲೆ ಕಸೂತಿ ಇದ್ದರಂತೂ ಅದೇ ಗೋಪುರ, ಅದೇ ತೇರು ಮತ್ತೆ ಮತ್ತೆ ಬರಬೇಕು. ಕಸೂತಿಯಲ್ಲಿ ನೂಲಿನ ಎಳೆ ಎಣಿಸಿ ಹೊಲಿಗೆ ಹಾಕುತ್ತಾರೆ. ಹಾಗಾಗಿ ಗೆರೆಗಳೆಲ್ಲ ನೇರ, ಅಡ್ಡ ಇಲ್ಲವೇ ಓರೆ. ವೆಕ್ಟರ್‌ಗೆ, ಅಂದರೆ ಪಿಕ್ಸೆಲ್ ಚುಕ್ಕೆಗಳಾಗಿ ಅಲ್ಲದೆ ಗೆರೆ-ಆಕಾರಗಳಾಗಿ ಉಳಿಯುವ ಚಿತ್ರಕ್ಕೆ, ಹೇಳಿ ಮಾಡಿಸಿದ ಕೆಲಸ ಇದು, ಅಲ್ವಾ? ಚಿತ್ರ ಬರೆಯುವ ತಂತ್ರಾಂಶವಾದ ಕ್ರಿಟಾದಲ್ಲಿ ಒಂದೇ ಸೆರಗಿನ ಮೇಲೆ ಮೂರು ದಾರಿ ಹಿಡಿದು ನೋಡಿದೆ.

ನನಗೆ ಹೆಚ್ಚು ಹಿಡಿಸಿದ್ದು ವೆಕ್ಟರ್ ಲೈಬ್ರರಿ, ಅಂದರೆ ಮತ್ತೆ ಮತ್ತೆ ಬಳಸಲು ಇಟ್ಟುಕೊಂಡ ವೆಕ್ಟರ್ ಆಕಾರಗಳ ಸಂಗ್ರಹ. 2018ರಲ್ಲಿ ಬಂದ 4.0 ಆವೃತ್ತಿಯಿಂದ ಕ್ರಿಟಾದ ವೆಕ್ಟರ್ ಲೇಯರ್‌ಗಳು (ಚಿತ್ರದ ಪದರಗಳು) ಎಸ್‌ವಿಜಿ ಎಂಬ ವೆಕ್ಟರ್ ಫೈಲ್ ಮಾದರಿಯಲ್ಲಿ ನಡೆಯುತ್ತವೆ. ಈ ಲೈಬ್ರರಿಯನ್ನು ಕ್ರಿಟಾದೊಳಗೇ ಕಟ್ಟಲು ಆಗುವುದಿಲ್ಲ, ಇಂಕ್‌ಸ್ಕೇಪ್ ಎಂಬ ವೆಕ್ಟರ್ ತಂತ್ರಾಂಶ ಬೇಕು. ಅಲ್ಲಿ ಗ್ರಿಡ್ ಹಾಕಿ, ಗೆರೆ ಗ್ರಿಡ್‌ಗೇ ಅಂಟಿಕೊಳ್ಳುವಂತೆ ಸ್ನ್ಯಾಪ್ ಆನ್ ಮಾಡಿ ಗೋಪುರ ಬರೆದೆ. ಅದನ್ನು ಸಿಂಬಲ್ ಆಗಿ ಬದಲಿಸಿ, ಹೆಸರು ಕೊಟ್ಟು, ಎಸ್‌ವಿಜಿ ಫೈಲನ್ನು ಕ್ರಿಟಾದ ರಿಸೋರ್ಸ್ ಫೋಲ್ಡರಿನ 'ಸಿಂಬಲ್ಸ್' ಒಳಗೆ ಹಾಕಿದೆ. ಕ್ರಿಟಾ ಮುಚ್ಚಿ ತೆರೆದರೆ ಗೋಪುರ ವೆಕ್ಟರ್ ಲೈಬ್ರರಿಯ ಡಾಕರಿನಲ್ಲಿ (ಪಕ್ಕದ ಫಲಕದಲ್ಲಿ) ಕೂತಿರುತ್ತದೆ. ಎಳೆದು ಕ್ಯಾನ್ವಾಸಿನ ಮೇಲೆ ಬಿಟ್ಟರೆ ಆಯ್ತು.

ಎಷ್ಟು ದೊಡ್ಡದು ಮಾಡಿದರೂ ಅಂಚು ಮಸುಕಾಗುವುದಿಲ್ಲ. ಒಂದು ಗೋಪುರದ ಗೆರೆ ಕೆಂಪು, ಪಕ್ಕದ್ದು ಹಳದಿ ಮಾಡಬಹುದು. ಸೆರಗಿನ ಮಡಿಕೆಗೆ ಬಗ್ಗಿಸಲು ವೆಕ್ಟರ್ ಲೇಯರನ್ನು ಗ್ರೂಪಿಗೆ ಹಾಕಿ, ಆ ಗ್ರೂಪಿಗೆ ಟ್ರಾನ್ಸ್‌ಫಾರ್ಮ್ ಮಾಸ್ಕ್ ಕೊಡುತ್ತೇನೆ. ಒಳಗಿನ ಆಕಾರ ಹಾಗೇ ಉಳಿಯುತ್ತದೆ, ಕಾಣುವುದು ಮಾತ್ರ ಬಾಗುತ್ತದೆ. ಮಡಿಕೆ ಸರಿ ಕಾಣದಿದ್ದರೆ ಮಾಸ್ಕ್ ಒಂದನ್ನೇ ತಿದ್ದಿದರೆ ಸಾಕು.

ಕೊರತೆಯೂ ಇದೆ. ಬಿಟ್ಟ ಪ್ರತಿಯೊಂದು ಗೋಪುರವೂ ಬೇರೆ ಪ್ರತಿ. ಕಳಸ ಗ್ರಿಡ್‌ನ ಇನ್ನೊಂದು ಚೌಕದಷ್ಟು ಎತ್ತರ ಇರಲಿ ಅನ್ನಿಸಿದರೆ, ಮೂಲ ಫೈಲ್ ತಿದ್ದಿದರೂ ಸೆರಗಿನ ಮೇಲಿರುವವು ಕದಲುವುದಿಲ್ಲ.

ಎರಡನೆಯ ದಾರಿಯಾದ ಫೈಲ್ ಲೇಯರ್ ಗೆಲ್ಲುವುದು ಇಲ್ಲೇ. ಗೋಪುರ ಬೇರೆ ಫೈಲಿನಲ್ಲಿರುತ್ತದೆ, ಚಿತ್ರ ಅದನ್ನು ತೋರಿಸುತ್ತದೆ ಅಷ್ಟೇ. ಅಲ್ಲಿ ತಿದ್ದಿ ಸೇವ್ ಮಾಡಿದರೆ ಇಲ್ಲಿ ಎಲ್ಲ ಕಡೆ ಬದಲಾಗುತ್ತದೆ. ವಿನ್ಯಾಸ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ ಇದರಷ್ಟು ನೆಮ್ಮದಿ ಬೇರೆ ಇಲ್ಲ. ಆದರೆ ಒಂದೊಂದು ಗೋಪುರಕ್ಕೂ ಒಂದೊಂದು ಲೇಯರ್ ಬೇಕು, ಪಟ್ಟಿ ಬೇಗ ಉದ್ದವಾಗುತ್ತದೆ. ಅದಕ್ಕೇ ನಾನು ಇಡೀ ಸಾಲನ್ನೇ ಒಂದು ಫೈಲ್ ಮಾಡಿಕೊಳ್ಳುತ್ತೇನೆ. ಚಿತ್ರಕ್ಕೆ ಬಂದ ಮೇಲೆ ಅದು ಪಿಕ್ಸೆಲ್, ಒಂದೇ ಗೋಪುರದ ಬಣ್ಣ ಬದಲಿಸಲು ಸುಲಭವಿಲ್ಲ. ಬೇರೆಯವರಿಗೆ ಕಳಿಸುವಾಗ ಎರಡೂ ಫೈಲ್ ಜೊತೆಗೇ ಹೋಗಬೇಕು.

ಮೂರನೆಯದು ಬ್ರಷ್. ಗೋಪುರದ ಚಿತ್ರವನ್ನು ಬ್ರಷ್ ಟಿಪ್ (ಬ್ರಷ್ ಒತ್ತುವ ಅಚ್ಚು) ಮಾಡಿ, ಸ್ಪೇಸಿಂಗ್, ಅಂದರೆ ಅಚ್ಚುಗಳ ನಡುವಿನ ಅಂತರ, ಹೆಚ್ಚಿಸಿ, ತಿರುಗುವಿಕೆಯನ್ನು ಎಳೆಯುವ ದಿಕ್ಕಿಗೆ ಜೋಡಿಸಿದರೆ ಅಂಚಿನುದ್ದಕ್ಕೂ ಗೋಪುರಗಳು ಸಾಲಾಗಿ ಬೀಳುತ್ತವೆ. ವೇಗದಲ್ಲಿ ಇದನ್ನು ಹಿಂದೆ ಹಾಕುವುದು ಯಾವುದೂ ಇಲ್ಲ. ಆದರೆ ಹತ್ತಿರದಿಂದ ಕಾಣುವ ಸೆರಗಿಗೆ ನಾನು ಬಳಸುವುದಿಲ್ಲ. ದೊಡ್ಡದು ಮಾಡಿದರೆ ಮಸುಕು, ಒತ್ತಿದ ಮೇಲೆ ಒಂದನ್ನು ಮಾತ್ರ ಸರಿಸಲೂ ಆಗದು. ದೂರದಲ್ಲಿ ನಿಂತವರ ಸೀರೆಯ ಬುಟ್ಟಾಗಳಿಗೆ ಮಾತ್ರ ಸುಮ್ನೆ ಇದನ್ನೇ ಹಿಡಿಯಿರಿ.