18 ತುಂಬಿದೆಯಾ? ಐದು ಥರ ಉತ್ತರ ಕೊಟ್ಟು ನೋಡಿದೆ

ಆನ್‌ಲೈನ್ ಗೇಮ್ ಅಂಗಡಿಯಲ್ಲಿ ದೊಡ್ಡವರಿಗೆ ಮಾತ್ರ ಅನ್ನುವ ಗೇಮ್‌ನ ಪುಟ ತೆರೆದರೆ ಮೊದಲು ಎದುರಾಗುವುದು ಅದೇ ಹಳೇ ಪೆಟ್ಟಿಗೆ: ಹುಟ್ಟಿದ ದಿನಾಂಕ ಹಾಕಿ. ದಿನ 1, ತಿಂಗಳು ಜನವರಿ ಅಂತ ಅದೇ ತುಂಬಿಕೊಂಡಿರುತ್ತದೆ. ವರ್ಷದ ಪಟ್ಟಿಯನ್ನು ಬೆರಳಿನಿಂದ ಒಮ್ಮೆ ಜೋರಾಗಿ ತಳ್ಳಿದೆ. 1900ರ ಹತ್ತಿರ ಹೋಗಿ ನಿಂತಿತು. ಅದನ್ನೇ ಒತ್ತಿದೆ. ನೂರು ದಾಟಿದ ಮುದುಕ ರಾತ್ರಿ ಹನ್ನೊಂದಕ್ಕೆ ಬಂದು ರಕ್ತ ಚೆಲ್ಲಾಡುವ ಗೇಮ್ ಕೇಳಿದರೂ ಅಂಗಡಿ ಹುಬ್ಬೇರಿಸಲಿಲ್ಲ.

ಆದರೆ ಈ ಪೆಟ್ಟಿಗೆಯ ಕಾಲ ಮುಗಿಯುತ್ತಾ ಬಂದಿದೆ. ಬ್ರಿಟನ್ನಿನ ಆನ್‌ಲೈನ್ ಸೇಫ್ಟಿ ಕಾಯ್ದೆಯಲ್ಲಿ ಮಕ್ಕಳ ರಕ್ಷಣೆಯ ನಿಯಮಗಳು 2025ರ ಜುಲೈ 25ರಿಂದ ಜಾರಿಗೆ ಬಂದವು. ಸುಮ್ನೆ "ನನಗೆ 18 ಆಗಿದೆ" ಅಂದರೆ ಸಾಲದು ಅಂತ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಹೇಳಿದೆ. ಮುಖ, ಗುರುತಿನ ಚೀಟಿ, ಮೊಬೈಲ್ ನಂಬರ್, ಕ್ರೆಡಿಟ್ ಕಾರ್ಡ್ ಇವೆಲ್ಲ ಅದು ಒಪ್ಪುವ ದಾರಿಗಳು. ಬೇರೆ ಬೇರೆ ಆ್ಯಪ್‌ಗಳಲ್ಲಿ, ಅಂಗಡಿಗಳಲ್ಲಿ ಈ ನಾಲ್ಕನ್ನೂ ನಾನೇ ಬಳಸಿ ನೋಡಿದೆ.

ಮುಖ ತೋರಿಸುವುದು ಸುಲಭ ಅಂದುಕೊಂಡಿದ್ದೆ. ಹತ್ತಿರ ಬನ್ನಿ, ದೂರ ಹೋಗಿ, ಬೆಳಕು ಸಾಲದು. ಕೊನೆಗೆ ಕನ್ನಡಕ ತೆಗೆಯಿರಿ ಅಂದಿತು. ತೆಗೆದೆ. ಕನ್ನಡಕ ತೆಗೆದ ಮೇಲೆ ಮುಂದಿನ ಸೂಚನೆ ಏನು ಬರೆದಿದೆ ಅಂತಲೇ ಕಾಣಲಿಲ್ಲ! ಮಾರನೇ ದಿನ ಕಿಟಕಿ ಪಕ್ಕ ಕೂತು ಮಾಡಿದಾಗ ಪಾಸಾದೆ. 20 ವರ್ಷದ ನನ್ನ ತಮ್ಮ ಮಾತ್ರ ಫೇಲು. ಮುಖ ನೋಡಿ ವಯಸ್ಸು ಊಹಿಸುವ ಈ ಅಂದಾಜು ಒಂದೆರಡು ವರ್ಷ ಆಚೀಚೆ ಆಗುವುದರಿಂದ ಗೆರೆಯನ್ನು 18ಕ್ಕಿಂತ ಮೇಲೇ ಎಳೆದಿರುತ್ತಾರೆ. ಎಳೆ ಮುಖದವರೆಲ್ಲ ಅಲ್ಲಿ ಸಿಕ್ಕಿಬೀಳುತ್ತಾರೆ. ಅಷ್ಟೆಲ್ಲ ಮಾಡಿಯೂ ಇದು ಗಟ್ಟಿ ಬೀಗವೇನಲ್ಲ. ಬ್ರಿಟನ್ನಿನಲ್ಲಿ ಕೆಲವರು ಡೆತ್ ಸ್ಟ್ರಾಂಡಿಂಗ್ ಗೇಮ್‌ನ ಫೋಟೋ ಮೋಡ್ (ಆಟದೊಳಗೇ ಪಾತ್ರಗಳ ಫೋಟೋ ತೆಗೆಯುವ ಸೌಲಭ್ಯ) ತೆರೆದು, ಅದರ ನಾಯಕನ ಮುಖವನ್ನೇ ಕ್ಯಾಮೆರಾಗೆ ಹಿಡಿದು, ಗೇಮ್ ಆಡುವವರು ಹರಟುವ ಆ್ಯಪ್ ಡಿಸ್ಕಾರ್ಡ್‌ನ ವಯಸ್ಸಿನ ಪರೀಕ್ಷೆ ದಾಟಿದ್ದರು.

ಗುರುತಿನ ಚೀಟಿಯಷ್ಟು ಖಚಿತವಾದದ್ದು ಬೇರೆ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾಗದ್ದೂ ಅದೇ. ಲ್ಯಾಮಿನೇಷನ್ ಮೇಲೆ ಬೆಳಕು ಬಿದ್ದು ಹೊಳೆಯಿತು, ನಾಲ್ಕು ಸಲ ಫೋಟೋ ತೆಗೆದೆ. ಅದು ಬಿಡಿ. ಒಂದು ಗೇಮ್ ನೋಡಲು ನನ್ನ ಹೆಸರು, ವಿಳಾಸ, ಫೋಟೋ ಎಲ್ಲ ಯಾಕೆ ಕೊಡಬೇಕು? ಬೇಕಾಗಿದ್ದು ಹೌದು ಅಥವಾ ಇಲ್ಲ, ಅಷ್ಟೇ ಅಲ್ವಾ? ಪರೀಕ್ಷೆ ಮುಗಿದ ಮೇಲೆ ಅಳಿಸುತ್ತೇವೆ ಅನ್ನುತ್ತಾರೆ. ಆದರೆ 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್‌ಗೆ ಕೆಲಸ ಮಾಡುವ ಹೊರಗಿನ ಕಂಪನಿಯೊಂದರಿಂದ ಮಾಹಿತಿ ಸೋರಿದಾಗ, ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಅದರಲ್ಲಿ ಸೇರಿರಬಹುದು ಅಂತ ಡಿಸ್ಕಾರ್ಡೇ ಹೇಳಿತು. ವಯಸ್ಸಿನ ತಕರಾರು ಬಗೆಹರಿಸಲು ಜನ ಕಳಿಸಿದ್ದ ಚಿತ್ರಗಳೇ ಅವು.

ಮೊಬೈಲ್ ನಂಬರ್ ದಾರಿ ಅರ್ಧ ನಿಮಿಷದಲ್ಲಿ ಮುಗಿಯಿತು. ನನ್ನ ಸಿಮ್ ಇರುವುದು ಅಪ್ಪನ ಹೆಸರಲ್ಲಿ. ಹಾಗಾಗಿ ಪಾಸಾಗಿದ್ದು ಅಪ್ಪ.

ಉಳಿದದ್ದು ಕ್ರೆಡಿಟ್ ಕಾರ್ಡ್. ನನ್ನ ಮತ ಇದಕ್ಕೇ. ಬ್ರಿಟನ್ನಿನಲ್ಲಿ ಸ್ಟೀಮ್ ಅನ್ನುವ ದೊಡ್ಡ ಆನ್‌ಲೈನ್ ಗೇಮ್ ಅಂಗಡಿ ಇದನ್ನೇ ಆರಿಸಿಕೊಂಡಿದೆ. ಅಲ್ಲಿ 18 ತುಂಬದವರಿಗೆ ಕ್ರೆಡಿಟ್ ಕಾರ್ಡ್ ಸಿಗುವುದಿಲ್ಲ, ಹಾಗಾಗಿ ಖಾತೆಯಲ್ಲಿ ಕಾರ್ಡ್ ಇರುವಷ್ಟು ದಿನ ನೀವು ದೊಡ್ಡವರು. ಗೇಮ್ ಕೊಳ್ಳುವಾಗ ಹೇಗೂ ಕೊಡುವ ವಿವರ ಅದು, ಹೊಸದಾಗಿ ಏನನ್ನೂ ಒಪ್ಪಿಸಬೇಕಿಲ್ಲ. ನೀವು ಎಂಥ ಗೇಮ್ ನೋಡುತ್ತೀರಿ ಅನ್ನುವುದು ಬ್ಯಾಂಕಿಗೂ ತಿಳಿಯುವುದಿಲ್ಲ. ಕೊರತೆಯೂ ದೊಡ್ಡದೇ: ಡೆಬಿಟ್ ಕಾರ್ಡ್ ಮಾತ್ರ ಇರುವ ದೊಡ್ಡವರು ಹೊರಗೇ ಉಳಿಯುತ್ತಾರೆ, ಅಮ್ಮನ ಪರ್ಸ್ ಎಲ್ಲಿದೆ ಅಂತ ಗೊತ್ತಿರುವ ಹುಡುಗ ಒಳಗೆ ಹೋಗುತ್ತಾನೆ.

ಇನ್ನೊಂದು ತಮಾಷೆ ಇದೆ. ವಯಸ್ಸಿಗೆ ಸಾಕ್ಷಿ ಹೇಳುವ ಈ ಪಾವತಿ ಲೋಕವೇ ಕಪಾಟಿನಲ್ಲಿ ಏನಿರಬೇಕು ಅಂತಲೂ ತೀರ್ಮಾನಿಸುತ್ತದೆ. 2025ರ ಜುಲೈನಲ್ಲಿ ಪಾವತಿ ಕಂಪನಿಗಳ ಒತ್ತಡಕ್ಕೆ ಇಚ್.ಐಒ ಅನ್ನುವ ಇನ್ನೊಂದು ಗೇಮ್ ಅಂಗಡಿ ವಯಸ್ಕರ ಗೇಮ್‌ಗಳನ್ನು ತನ್ನ ಹುಡುಕಾಟದಿಂದಲೇ ಮರೆ ಮಾಡಿತು. ಸ್ಟೀಮ್ ಕೂಡ ಕೆಲವನ್ನು ತೆಗೆದುಹಾಕಿತು. 18 ತುಂಬಿದೆ ಅಂತ ಸಾಬೀತು ಮಾಡಿದವರಿಗೂ ಅವು ಕಾಣಲಿಲ್ಲ.

ನಾನು ಕಾರ್ಡ್ ಕೊಟ್ಟಿದ್ದ ಅಂಗಡಿಯಲ್ಲಿ ಹೋದ ತಿಂಗಳು ಕಾರ್ಡಿನ ಅವಧಿ ಮುಗಿಯಿತು. ಮಾರನೇ ದಿನ ಅರ್ಧ ಆಡಿದ್ದ ಗೇಮ್‌ನ ಪುಟ ತೆರೆದರೆ, ಇದು ನಿಮ್ಮ ವಯಸ್ಸಿನವರಿಗಲ್ಲ ಅಂದಿತು. ಹೊಸ ಕಾರ್ಡ್ ಬರುವವರೆಗೆ ಒಂಬತ್ತು ದಿನ ಮತ್ತೆ ಮಗುವಾಗಿದ್ದೆ.