ಮಗಳ ಸಂಜೆಯ ವಿಜ್ಞಾನ ತರಗತಿ: ಎರಡು ವರ್ಷ ಕಳಿಸಿದ ಮೇಲೆ ನನ್ನ ಅನಿಸಿಕೆ

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ತೀರ್ಥಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆಂದೇ ನಡೆಯುವ ಸಂಜೆಯ ವಿಜ್ಞಾನ ತರಗತಿಗೆ ಸೇರಿಸಿದೆವು. ಈಗ ಅವಳು ಒಂಬತ್ತನೇ ಕ್ಲಾಸು. ವಾರಕ್ಕೆ ಎರಡು ದಿನ, ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ, ತಿಂಗಳಿಗೆ 500 ರೂಪಾಯಿ. ಸೇರಿಸಬಹುದಾ ಅಂತ ತುಂಬಾ ಜನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗಿಯರಿಗೇ ಬೇರೆ ಯಾಕೆ ಅಂತ ನನಗೂ ಅನಿಸಿತ್ತು. ಮಗಳೇ ಹೇಳಿದಳು: "ಅಮ್ಮ, ಶಾಲೆಯಲ್ಲಿ ಪ್ರಯೋಗ ಹುಡುಗರು ಮಾಡ್ತಾರೆ, ನಾವು ರೆಕಾರ್ಡ್ ಬರೀತೀವಿ." ಇಲ್ಲಿ ಮೂರನೇ ವಾರಕ್ಕೇ ತಂತಿ ಬೆಸೆಯುವ ಸೋಲ್ಡರಿಂಗ್ ಕಡ್ಡಿ ಅವಳ ಕೈಯಲ್ಲಿತ್ತು. ಕರೆಂಟ್ ತಗ್ಗಿಸುವ ರೆಸಿಸ್ಟರ್ ಹಾಕದೆ ಎಲ್ಇಡಿ ದೀಪ ಸುಟ್ಟಾಗ ಯಾರೂ ಬೈಯಲಿಲ್ಲ, ಇನ್ನೊಂದು ಕೊಟ್ಟರು.

ಮೊದಲ ವರ್ಷ ಸ್ಕ್ರ್ಯಾಚ್ (ಕಂಪ್ಯೂಟರಿನಲ್ಲಿ ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವುದು), ಸಣ್ಣಪುಟ್ಟ ಸರ್ಕ್ಯೂಟ್. ನಿಜವಾದ ರುಚಿ ಹತ್ತಿದ್ದು ಎರಡನೇ ವರ್ಷ, ಅರ್ಡುಯಿನೋ ಅನ್ನುವ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡಿನಲ್ಲಿ ಮಳೆಮಾಪಕ ಮಾಡಿದಾಗ. ಲಾಳಿಕೆಯ ಕೆಳಗೆ ಏತಪಾತದ ಹಾಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದ ಕೂಡಲೇ ಮಗುಚಿಕೊಳ್ಳುತ್ತದೆ, ಅದಕ್ಕೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ (ಅಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್ಚು) ಮುಂದೆ ಹಾಯುತ್ತದೆ, ಒಂದು ಎಣಿಕೆ ಬೀಳುತ್ತದೆ. ಲಾಳಿಕೆಯ ಬಾಯಿ 20 ಸೆಂ.ಮೀ. ಅಷ್ಟು ಅಗಲಕ್ಕೆ 1 ಮಿ.ಮೀ. ಮಳೆ ಅಂದರೆ ಸುಮಾರು 31 ಮಿ.ಲೀ. ನೀರು. ಬಟ್ಟಲು ಹಿಡಿಯುವುದು 8 ಮಿ.ಲೀ. ಹಾಗಾಗಿ ನಾಲ್ಕು ಸಲ ಮಗುಚಿದರೆ ಒಂದು ಮಿ.ಮೀ. ಈ ಲೆಕ್ಕ ಅವಳೇ ಹಾಕಿದ್ದು.

ನಮ್ಮ ಮಾವನವರು ಡಬ್ಬಿ ಇಟ್ಟು ಮಳೆ ಅಳೆದು ಡೈರಿಯಲ್ಲಿ ಇಂಚಿನ ಲೆಕ್ಕ ಬರೆಯುವವರು. ಅಡಿಕೆಗೆ ಕೊಳೆ ರೋಗದ ಭಯ ಇದ್ದದ್ದೇ, ಅದಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಮಳೆ ಬಿಡುವು ಕೊಡಬೇಕಲ್ವಾ. ಜುಲೈಯಲ್ಲಿ ಒಂದು ದಿನ ಅವರ ಡಬ್ಬಿಯಲ್ಲಿ ನಾಲ್ಕು ಇಂಚು, ಅಂದರೆ 101 ಮಿ.ಮೀ. ದಾಟಿತ್ತು. ಮಗಳ ಮಾಪಕದಲ್ಲಿ 88. ಹುಡುಗಿ ಮುಖ ಸಣ್ಣದು ಮಾಡಿಕೊಂಡು ತರಗತಿಗೆ ಹೋದಳು. ಅಲ್ಲಿನ ಮೇಡಂ ಉತ್ತರ ಹೇಳಲಿಲ್ಲ. ಒಂದು ಲೀಟರ್ ನೀರು ಕೊಟ್ಟು, ಮೊದಲು ನಿಧಾನಕ್ಕೆ ಹೊಯ್ಯಿ, ಆಮೇಲೆ ಜೋರಾಗಿ ಹೊಯ್ಯಿ ಅಂದರಂತೆ. ಜೋರಾಗಿ ಹೊಯ್ದಾಗ ಎಣಿಕೆ ಕಮ್ಮಿ ಬಂತು. ಬಟ್ಟಲು ಮಗುಚುವ ಆ ಕ್ಷಣದಲ್ಲೂ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ಮನೆಗೆ ಬಂದವಳು ಚೀಲ ಇಳಿಸುವ ಮೊದಲೇ ಅಜ್ಜನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಚೊಂಬು ಹಿಡಿದು ತೋರಿಸಿದಳು. ನನಗೆ ಈ ತರಗತಿಯ ಬೆಲೆ ಗೊತ್ತಾಗಿದ್ದು ಅವತ್ತು.

ಬೇಸರದ ವಿಷಯವೂ ಇದೆ. ಮಳೆಗಾಲದಲ್ಲಿ ಆರಕ್ಕೇ ಕತ್ತಲಾದ ಹಾಗಿರುತ್ತದೆ. ಒಂದು ದಿನ ತರಗತಿ ಬಿಡುವುದು ತಡವಾಗಿ ನಮ್ಮೂರಿನ ಕೊನೇ ಬಸ್ಸು ಹೋಗಿಬಿಟ್ಟಿತು. ಇವರು ಬೈಕಿನಲ್ಲಿ ಹೋಗುವವರೆಗೆ ಮಗಳು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತಿದ್ದಳು. ಮೂರು ಸಲ ಹೇಳಿದ ಮೇಲೆ ಮಳೆಗಾಲದ ತರಗತಿಯನ್ನು ಶನಿವಾರ ಮಧ್ಯಾಹ್ನಕ್ಕೆ ಹಾಕಿದರು. ಅಷ್ಟರಲ್ಲಿ ಹಳ್ಳಿ ಕಡೆಯ ಇಬ್ಬರು ಹುಡುಗಿಯರು ಬಿಟ್ಟಾಗಿತ್ತು. ಇಬ್ಬರೂ ಚುರುಕಿನ ಮಕ್ಕಳು. ಅದು ನನಗೆ ಇನ್ನೂ ನೋವು.

ಸೇರಿಸುವ ಮುಂಚೆ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಸ್ಕ್ರೂಡ್ರೈವರ್ ಮಕ್ಕಳ ಕೈಯಲ್ಲಿದೆಯಾ, ಹೇಳಿಕೊಡುವವರ ಕೈಯಲ್ಲೇ ಇದೆಯಾ ಗಮನಿಸಿ. ಬಿಡುವ ಹೊತ್ತಿಗೆ ಬಸ್ಸು ಉಂಟಾ ಅಂತ ಕೇಳಿಕೊಳ್ಳಿ. ನಾವು ಮೂರನೇ ವರ್ಷಕ್ಕೂ ದುಡ್ಡು ಕಟ್ಟಿದ್ದೇವೆ.